ಒಂದು ಮನಿಗೆ ಹತ್ತು ಕಿಲೋಮೀಟರು

ಸೀರಿ ಅಂಚಿನ ನಕಾಶಿ ತಗಿಯೂ ಗ್ರಾಫ್ ಹಾಳಿ ಮ್ಯಾಲ
ಈ ಸಲ ಹೂವಿಲ್ಲ, ಗೋಪುರಿಲ್ಲ.
ಒಂದು ಮನಿಗೆ ಹತ್ತು ಕಿಲೋಮೀಟರಂತ ಹಿಡಿದು
ಬನಹಟ್ಟಿಯಿಂದ ಒಂದು ಎಳಿ ಬಿಟ್ಟೇನಿ:
ಬೆಳಗಾವಿ, ಘಟ್ಟ ಇಳಿದು ಕಾರವಾರ,
ಅಲ್ಲಿಂದ ಸಮುದ್ರದ ಗುಂಟ ಭೂಮಿ ಮುಗಿಯೂತನಕ.
ಬರೂಮುಂದ ಮಧುರೈ, ಸೇಲಂ, ಚಿತ್ರದುರ್ಗ, ಹೊಸಪೇಟಿ.
ಎಣಿಸಿದರ ಇನ್ನೂರ ನಲವತ್ತು ಮನಿ.
ನಮ್ಮ ಜಕಾರ್ಡಿಗೂ ಇನ್ನೂರ ನಲವತ್ತ ಹುಕ್ಕು.
"ಶಕುನ ಛಲೋ ಐತಿ" ಅಂದ ದಸ್ತಗೀರ,
ಶಕುನ ನಂಬದಾಂವ.

ಕರೆಂಟು ಹೋದಾಗಷ್ಟ ನಮ್ಮ ಮೀಟಿಂಗು.
ಓಣಿ ತುಂಬ ಮಗ್ಗ ಒಮ್ಮೆಲೇ ಬಾಯಿ ಮುಚ್ಚತಾವ.
ಆ ಸಪ್ಪಳದಾಗ ಒದರಿ ಒದರಿ ಮಾತಾಡಿದ ರೂಢಿ,
ಅದು ಸುಮ್ಮನಾದರೂ ನಾವು ಆಗೂದಿಲ್ಲ.
"ಹಿಂಗ ಒದರಿದ್ರ ಕನ್ಯಾಕುಮಾರಿಗೆ ಇಲ್ಲಿಂದನ ಕೇಳತೈತಿ,
ಮತ್ತ ಹೋಗೂದ್ಯಾಕ?"
ಅಂತಾಳ ಶಾರವ್ವ, ಕಂಡಕಿ ಸುತ್ತಕೋತ.

ಗಾಡಿ ಯೆಜ್ಡಿ.
ಲಗ್ನಕ್ಕಿಂತ ಮೊದಲ ಇಬ್ಬರೂ ಅರ್ಧರ್ಧ ಹಾಕಿ ಕೊಂಡದ್ದು.
ಸಮ ತಾರೀಖು ನಂದು, ಬೆಸ ತಾರೀಖು ಅವಂದು.
ಮೂವತ್ತೊಂದು ಬಂದ ತಿಂಗಳೆಲ್ಲಾ ಜಗಳ.
ಇಷ್ಟು ವರ್ಷದಾಗ ಅದು ಕಂಡ ದೂರ ಅಂದ್ರ ಗೋಕಾಕ ಫಾಲ್ಸು,
ಅದೂ ಬರೂಮುಂದ ಟೆಂಪೋದಾಗ.

ಯಾದಿ ಮಾಡಿದ್ವಿ. ನಾ ಹೇಳಾಂವ, ಅಂವ ಬರಿಯಾಂವ.
ಕ್ಲಚ್ ವಾಯರು ಎರಡು. ಪ್ಲಗ್ಗು ಮೂರು. ಟ್ಯೂಬು.
ಶೇಂಗಾ ಹಿಂಡಿ. ಖಡಕ್ ರೊಟ್ಟಿ, ಎಂಟು ದಿನಕ್ಕಾಗೂವಷ್ಟು.
"ಉಳದ ಆರು ದಿನ?"
"ಅನ್ನ ತಿನ್ನೂದು. ಸಾಯೂದಿಲ್ಲ ಬಿಡು."
ರೇನ್‌ಕೋಟು ಬ್ಯಾಡ, ಮೇ ತಿಂಗಳದಾಗ ಎಲ್ಲಿ ಮಳಿ?
ಮೇ ಅಂತ ಠರಾವಾಗಿತ್ತು. ಅಂದಾಂವ ಅವನ.

ರಾತ್ರಿ ದೀಪ ಬಂದ ಮ್ಯಾಲ ಯಾದಿ ಬಿಚ್ಚಿ ಓದಿದೆ.
ಹಾಳಿ ಬುಡಕ ನಾ ಹೇಳದ ಒಂದು ಸಾಲು,
ಇರವಿ ಹರದಾಂಗ, ಪೆನ್ಸಿಲ್ಲಿನ್ಯಾಗ:
ಐಸ್ ಸಿಗೂ ಊರು. ಕಾರವಾರ, ಮಲ್ಪೆ, ಕಣ್ಣೂರು, ಕೊಚ್ಚಿ, ಕೊಲ್ಲಂ.
ಎಲ್ಲಾ ಮೀನದ ಬಂದರ.
ಸಮುದ್ರದ ಗುಂಟನ ಹೋಗೂಣು ಅಂತ ಹಟ ಹಿಡದಿದ್ದ,
ನೀರಿನ ಹುಚ್ಚು ಅಂತ ತಿಳದಿದ್ದೆ ನಾ.

ಆಮ್ಯಾಲ ಒಂದೊಂದ ನೆಪ್ಪಾದೂ.
ಹೋದ ವರ್ಷದಿಂದ ಸಕ್ಕರಿ ಇಲ್ಲದ ಚಾ.
ಊಟಕ್ಕ ಕೂಡೂ ಮೊದಲ ಹಿತ್ತಲಕ್ಕ ಹೋಗಿ ಬರೂದು,
ಅಂಗಿ ಕೆಳಗಿನ ಗುಂಡಿ ಹಾಕೂದು ಮರತು.
ತಂಪಿನ್ಯಾಗ ಇಡೂ ಔಷಧ. ಹದಿನಾಲ್ಕು ದಿನ. ಮೇ ಬಿಸಲು.
ಲೆಕ್ಕ ಹಾಕ್ಯಾನ ಮಗ, ಒಬ್ಬನ ಕುಂತು.

ಮರುದಿನ ಕರೆಂಟು ಹೋಗೂದನ್ನ ಕಾದೆ.
"ದಸ್ತ್ಯಾ, ಮೇ ಆಗೂದಿಲ್ಲೋ.
ಸೊಲ್ಲಾಪುರದ ಆರ್ಡರು ಬಂದೈತಿ. ಜನವರಿ ಇಡೂಣು."
ಸೊಲ್ಲಾಪುರದವರು ನನ್ನ ಮರತು ಮೂರು ವರ್ಷಾತು.
ಅಂವಗ ಗೊತ್ತು. ನನ್ನ ಬಿಲ್ಲು ಬರಿಯಾಂವ ಅಂವನ.
ಗ್ರಾಫ್ ಹಾಳಿ ತಗೊಂಡ,
ಮನಿ ಮತ್ತೊಮ್ಮೆ ಎಣಿಸಿದಾಂಗ ಮಾಡಿದ.
ಆಮ್ಯಾಲ ಮೆಲ್ಲಕ:
"ಜನವರಿ ಥಂಡಿ ನಿನ್ನ ದಮ್ಮಿಗೆ ಆಗಿಬರೂದಿಲ್ಲಲೇ.
ಅದಕ್ಕಂತನ ಮೇ ಅಂದಿದ್ದೆ."

ಮಗ್ಗದ ಮ್ಯಾಲ ಅರಳಿ ಧೂಳ ಇಳಿಯೂದು ಕಾಣತಿತ್ತು.
ಮೂವತ್ತು ವರ್ಷ ನಾ ನುಂಗಿದ ಧೂಳ.
ಯಾರೂ ಒದರಲಿಲ್ಲ.
ಕಂಡಕಿ ಸುತ್ತೂ ರಾಟಿ ಕೂಡ ನಿಂತಿತ್ತು.

"ಹಂಗಾರ ಫೆಬ್ರುವರಿ?"
"ಇಪ್ಪತ್ತೆಂಟ ದಿನ" ಅಂದ. "ಗಾಡಿ ಜಗಳಿಲ್ಲ."
ಅಷ್ಟರಾಗ ಕರೆಂಟು ಬಂತು, ಓಣಿಗೆ ಓಣಿ ಗುಡುಗಿತು.
ಇನ್ನೇನೋ ಅಂದ, ಕೇಳಲಿಲ್ಲ.
ಪೆನ್ಸಿಲ್ ಕಸಗೊಂಡು ಯಾದಿಗೆ ಸೇರಿಸಿದೆ:
ಥರ್ಮಾಸು, ಒಂದು.
ಅಂವ ಒಂದು ಹೊಡದು ಹಾಕಿ ಎರಡು ಮಾಡಿದ,
ಪಕ್ಕಕ್ಕ ಬರದ:
ಇನ್ನೊಂದು ಚಾಕ್ಕ.